ಎರಡು ಹಳಿ, ಹಲವು ರೈಲು: ಡಿಜಿಟಲ್ ಮಾದರಿ ರೈಲುಮಾರ್ಗದ ತಂತಿ ಜೋಡಣೆ

ಮಾದರಿ ರೈಲುಮಾರ್ಗದಲ್ಲಿ ಎಂಜಿನ್ನಿಗೆ ವಿದ್ಯುತ್ತು ತಲುಪುವುದು ಅದು ಓಡುವ ಹಳಿಗಳ ಮೂಲಕವೇ. ಹಳೆಯ ನೇರ ವಿದ್ಯುತ್ ಪದ್ಧತಿಯಲ್ಲಿ ಹಳಿಗೆ ಕೊಡುವ ವೋಲ್ಟೇಜನ್ನು ಸೊನ್ನೆಯಿಂದ ಸುಮಾರು 12 ವೋಲ್ಟ್‌ವರೆಗೆ ಏರಿಳಿಸಿ ವೇಗವನ್ನೂ, ಎರಡು ಹಳಿಗಳ ಧನ-ಋಣಗಳನ್ನು ಅದಲುಬದಲು ಮಾಡಿ ದಿಕ್ಕನ್ನೂ ನಿಯಂತ್ರಿಸಲಾಗುತ್ತದೆ. ಆದ್ದರಿಂದ ಒಂದೇ ಹಳಿಯ ಮೇಲಿರುವ ಎರಡು ಎಂಜಿನ್‌ಗಳು ಒಟ್ಟಿಗೇ ಓಡುತ್ತವೆ, ಒಟ್ಟಿಗೇ ನಿಲ್ಲುತ್ತವೆ. ಅವುಗಳನ್ನು ಬೇರೆಬೇರೆಯಾಗಿ ನಡೆಸಬೇಕಾದರೆ ಮಾರ್ಗವನ್ನು ತುಂಡುತುಂಡಾಗಿ ಬೇರ್ಪಡಿಸಿ, ಪ್ರತಿ ತುಂಡಿಗೂ ಒಂದು ಸ್ವಿಚ್ ಇಟ್ಟು, ರೈಲು ಮುಂದೆ ಸಾಗಿದಂತೆಲ್ಲ ಸ್ವಿಚ್ಚುಗಳನ್ನು ಬದಲಿಸುತ್ತ ಹೋಗಬೇಕಾಗುತ್ತದೆ.

ಈ ತೊಡಕನ್ನು ನಿವಾರಿಸಿದ್ದು ಡಿಜಿಟಲ್ ಕಮಾಂಡ್ ಕಂಟ್ರೋಲ್, ಅಂದರೆ ಡಿಸಿಸಿ ಎಂಬ ಪದ್ಧತಿ. ಜರ್ಮನಿಯ ಲೆಂಝ್ ಸಂಸ್ಥೆ ರೂಪಿಸಿದ ತಂತ್ರವನ್ನು ಆಧಾರವಾಗಿಟ್ಟುಕೊಂಡು, 1935ರಲ್ಲಿ ಸ್ಥಾಪನೆಯಾದ ಅಮೆರಿಕದ ನ್ಯಾಷನಲ್ ಮಾಡೆಲ್ ರೈಲ್‌ರೋಡ್ ಅಸೋಸಿಯೇಷನ್ 1990ರ ದಶಕದಲ್ಲಿ ಇದಕ್ಕೆ ಮಾನಕಗಳನ್ನು ನಿಗದಿಪಡಿಸಿತು. ಒಬ್ಬ ತಯಾರಕರ ನಿಯಂತ್ರಕದಿಂದ ಇನ್ನೊಬ್ಬರ ಎಂಜಿನ್ನನ್ನು ಓಡಿಸಲು ಸಾಧ್ಯವಾಗಿರುವುದು ಈ ಮಾನಕಗಳಿಂದಲೇ. ಇಲ್ಲಿ ಹಳಿಯ ಮೇಲೆ ಸದಾ ಪೂರ್ಣ ವೋಲ್ಟೇಜ್ ಇರುತ್ತದೆ ಮತ್ತು ಪ್ರತಿ ಎಂಜಿನ್ನಿನೊಳಗೂ ಡಿಕೋಡರ್ ಎಂಬ ಪುಟ್ಟ ಎಲೆಕ್ಟ್ರಾನಿಕ್ ಫಲಕವಿರುತ್ತದೆ. ಕಮಾಂಡ್ ಸ್ಟೇಷನ್ ಎಂಬ ಉಪಕರಣ ಆದೇಶಗಳನ್ನು ಸಿದ್ಧಪಡಿಸುತ್ತದೆ, ಬೂಸ್ಟರ್ ಎಂಬ ವರ್ಧಕ ಅವುಗಳನ್ನು ಹಳಿಗೆ ಬೇಕಾದ ಬಲದಲ್ಲಿ ಕಳುಹಿಸುತ್ತದೆ, ಡಿಕೋಡರ್ ತನ್ನ ಸಂಖ್ಯೆಗೆ ಬಂದ ಆದೇಶವನ್ನು ಮಾತ್ರ ಆಯ್ದುಕೊಂಡು ಮೋಟಾರನ್ನೂ ದೀಪವನ್ನೂ ನಡೆಸುತ್ತದೆ.

ಡಿಸಿಸಿಗೆ ಎರಡೇ ತಂತಿ ಸಾಕು ಎಂಬ ಮಾತು ಇದರ ಜೊತೆಗೇ ಹರಡಿತು. ಮೇಜಿನ ಮೇಲಿನ ಒಂದು ಸಣ್ಣ ವರ್ತುಲಕ್ಕೆ ಆ ಮಾತು ಸರಿಯೇ ಆದರೂ, ಕೋಣೆಯ ಗೋಡೆಗುಂಟ ಹಬ್ಬಿದ ಮಾರ್ಗಕ್ಕೆ ಅದು ಅರ್ಧಸತ್ಯ. ಡಿಸಿಸಿಯಲ್ಲಿ ಶಕ್ತಿ ಮತ್ತು ಆದೇಶ ಎರಡೂ ಅದೇ ಎರಡು ಹಳಿಗಳಲ್ಲಿ ಒಟ್ಟಿಗೇ ಸಾಗುತ್ತವೆ. ಹಳಿಗಳ ಧ್ರುವತೆ, ಅಂದರೆ ಯಾವ ಹಳಿ ಧನ, ಯಾವುದು ಋಣ ಎಂಬುದು, ಪ್ರತಿ ಕ್ಷಣವೂ ಬದಲಾಗುತ್ತಿರುತ್ತದೆ. ಬದಲಾವಣೆಗಳ ನಡುವಿನ ಅವಧಿ 58 ಮೈಕ್ರೋಸೆಕೆಂಡ್ ಆಗಿದ್ದರೆ ಅದನ್ನು ಡಿಕೋಡರ್ ‘ಒಂದು’ ಎಂದೂ, 100 ಮೈಕ್ರೋಸೆಕೆಂಡ್ ಅಥವಾ ಹೆಚ್ಚಾಗಿದ್ದರೆ ‘ಸೊನ್ನೆ’ ಎಂದೂ ಓದುತ್ತದೆ. ಹಳೆಯ ಪದ್ಧತಿಯಲ್ಲಿ ಸಡಿಲವಾದ ಒಂದು ಜೋಡಣೆಯಿಂದ ರೈಲು ತುಸು ನಿಧಾನವಾಗುತ್ತಿತ್ತು. ಡಿಸಿಸಿಯಲ್ಲಿ ಅದೇ ಜೋಡಣೆ ಆದೇಶವನ್ನೇ ಕೆಡಿಸಬಲ್ಲದು, ಅದಕ್ಕಿಂತ ಮುಖ್ಯವಾಗಿ ಶಾರ್ಟ್ ಸರ್ಕ್ಯೂಟ್ ಆದಾಗ ಬೂಸ್ಟರಿಗೆ ಅದು ತಿಳಿಯದಂತೆ ಮಾಡಬಲ್ಲದು. ಸ್ವಿಚ್ಚುಗಳ ಸಂಖ್ಯೆಯನ್ನು ತಗ್ಗಿಸಿದ ಈ ಪದ್ಧತಿ ತಂತಿಯ ಗುಣಮಟ್ಟದ ಮೇಲಿನ ನಿರೀಕ್ಷೆಯನ್ನು ಹೆಚ್ಚಿಸಿದೆ ಎಂಬುದನ್ನು ಮನಗಂಡು ಕೆಲಸಕ್ಕೆ ಇಳಿಯುವುದು ಒಳಿತು.

ಬಸ್ ತಂತಿ ಮತ್ತು ಅದರ ದಪ್ಪ

ಇಂದಿನ ಮಾದರಿ ಹಳಿಗಳು ಬಹುತೇಕ ನಿಕಲ್ ಸಿಲ್ವರ್ ಎಂಬ ಮಿಶ್ರಲೋಹದವು. ಹೆಸರಿನಲ್ಲಿ ಬೆಳ್ಳಿ ಇದ್ದರೂ ಅದರಲ್ಲಿರುವುದು ತಾಮ್ರ, ನಿಕಲ್ ಮತ್ತು ಸತು ಮಾತ್ರ. ತುಕ್ಕು ಹಿಡಿಯದ ಈ ಲೋಹ ವಿದ್ಯುತ್ತಿಗೆ ಒಡ್ಡುವ ರೋಧ ತಾಮ್ರದ್ದಕ್ಕಿಂತ ಹತ್ತು ಪಟ್ಟಿಗೂ ಹೆಚ್ಚು. ಹಳಿಯ ತುಂಡುಗಳನ್ನು ಕೂಡಿಸುವ ಜಾಯಿನರ್, ಅಂದರೆ ಹಳಿಯ ಬುಡವನ್ನು ಅಪ್ಪಿಕೊಳ್ಳುವ ಲೋಹದ ಪಟ್ಟಿ, ಹೊಸದಾಗಿದ್ದಾಗ ಬಿಗಿಯಾಗಿದ್ದು ಕಾಲಕ್ರಮೇಣ ಸಡಿಲವಾಗುತ್ತದೆ, ಅದರ ಒಳಮೈಯಲ್ಲಿ ಕಿಲುಬು ಕೂಡುತ್ತದೆ. ಕರಾವಳಿ, ಮಲೆನಾಡುಗಳಂತೆ ಮಳೆಗಾಲದುದ್ದಕ್ಕೂ ಗಾಳಿಯಲ್ಲಿ ತೇವವಿರುವ ಕಡೆ ಈ ಕ್ರಿಯೆ ಇನ್ನೂ ಬೇಗ ನಡೆಯುತ್ತದೆ, ಜೊತೆಗೆ ಮರದ ಅಡಿಪಾಯವೂ ಹಿಗ್ಗಿ ಕುಗ್ಗಿ ಜೋಡಣೆಗಳನ್ನು ಸಡಿಲಿಸುತ್ತದೆ. ಆದ್ದರಿಂದ ಜಾಯಿನರನ್ನು ಹಳಿಗಳು ಸಾಲುತಪ್ಪದಂತೆ ಹಿಡಿದಿಡುವ ಸಾಧನವೆಂದು ಮಾತ್ರ ಪರಿಗಣಿಸಿ, ವಿದ್ಯುತ್ ಸಾಗಿಸುವ ಹೊಣೆಯನ್ನು ಬೇರೆಯಾಗಿಯೇ ತಾಮ್ರದ ತಂತಿಗೆ ವಹಿಸಬೇಕು.

ಮೇಜಿನ ಅಡಿಯಲ್ಲಿ ಹಳಿಯ ಜಾಡನ್ನೇ ಹಿಡಿದು ಸಾಗುವ ದಪ್ಪ ತಂತಿಗಳ ಜೋಡಿಗೆ ಬಸ್ ಎಂದೂ, ಅದರಿಂದ ಕವಲೊಡೆದು ಹಳಿಗೆ ಏರುವ ತೆಳು ತಂತಿಗಳಿಗೆ ಫೀಡರ್ ಎಂದೂ ಹೆಸರು. ಬಸ್ಸಿನ ದಪ್ಪವನ್ನು ಸರಳ ಲೆಕ್ಕದಿಂದಲೇ ನಿರ್ಧರಿಸಬಹುದು. 5 ಆಂಪಿಯರ್ ಸಾಮರ್ಥ್ಯದ ಬೂಸ್ಟರಿನಿಂದ ಮಾರ್ಗದ ಕೊನೆ 10 ಮೀಟರ್ ದೂರದಲ್ಲಿದ್ದರೆ, ಹೋಗಿಬರುವ ತಂತಿಯ ಒಟ್ಟು ಉದ್ದ 20 ಮೀಟರ್. 0.5 ಚದರ ಮಿಲಿಮೀಟರ್ ತಾಮ್ರದ ತಂತಿಯ ರೋಧ ಕಿಲೋಮೀಟರಿಗೆ ಸುಮಾರು 39 ಓಮ್ ಇರುವುದರಿಂದ, ಪೂರ್ಣ ಹೊರೆಯಲ್ಲಿ ದಾರಿಯಲ್ಲೇ ಸುಮಾರು 3.9 ವೋಲ್ಟ್ ಕಳೆದುಹೋಗುತ್ತದೆ. 1.5 ಚದರ ಮಿಲಿಮೀಟರ್ ತಂತಿಯಲ್ಲಿ ಈ ನಷ್ಟ ಸುಮಾರು 1.3 ವೋಲ್ಟಿಗೂ, 2.5 ಚದರ ಮಿಲಿಮೀಟರ್ ತಂತಿಯಲ್ಲಿ ಸುಮಾರು 0.8 ವೋಲ್ಟಿಗೂ ಇಳಿಯುತ್ತದೆ. ಅಮೆರಿಕದ ಕೈಪಿಡಿಗಳು ಬಸ್ಸಿಗೆ ಹೇಳುವ 14 ಗೇಜ್ ತಂತಿ ಸುಮಾರು 2.1 ಚದರ ಮಿಲಿಮೀಟರಿನದು, 12 ಗೇಜ್ ಸುಮಾರು 3.3ರದು, ಭಾರತದ ಅಂಗಡಿಗಳಲ್ಲಿ ಮನೆಯ ವೈರಿಂಗಿಗೆಂದು ಸಿಗುವ 2.5 ಮತ್ತು 4 ‘ಸ್ಕ್ವೇರ್ ಎಂಎಂ’ ವೈರುಗಳು ಇವುಗಳ ಸ್ಥಾನವನ್ನು ಚೆನ್ನಾಗಿ ತುಂಬುತ್ತವೆ.

ಬೂಸ್ಟರನ್ನು ಮಾರ್ಗದ ಒಂದು ತುದಿಯಲ್ಲಿಡುವ ಬದಲು ನಡುವೆ ಇಟ್ಟು ಎರಡೂ ಕಡೆಗೆ ಬಸ್ ಎಳೆದರೆ ಪ್ರತಿ ತೋಳಿನ ಉದ್ದ ಅರ್ಧಕ್ಕಿಳಿದು, ನಷ್ಟವೂ ಅದೇ ಪ್ರಮಾಣದಲ್ಲಿ ತಗ್ಗುತ್ತದೆ. ಉದ್ದ ಹೆಚ್ಚಿದಂತೆ ರೋಧದ ಜೊತೆಗೆ ಇಂಡಕ್ಟನ್ಸ್, ಅಂದರೆ ಪ್ರವಾಹದ ಹಠಾತ್ ಬದಲಾವಣೆಯನ್ನು ತಡೆಯುವ ತಂತಿಯ ಗುಣವೂ ಲೆಕ್ಕಕ್ಕೆ ಬರುತ್ತದೆ. ಇದರಿಂದ ಸಂಕೇತದ ಅಂಚುಗಳಲ್ಲಿ ವೋಲ್ಟೇಜ್ ಚಿಮ್ಮಿ ಡಿಕೋಡರಿಗೆ ಅಪಾಯವಾಗಬಹುದು. ಎರಡು ತಂತಿಗಳನ್ನು ಒಂದಕ್ಕೊಂದು ಸಡಿಲವಾಗಿ ಹೊಸೆದು, ಒಂದಡಿಗೆ ಎರಡು ಮೂರು ಸುತ್ತು ಬರುವಂತೆ ಒಯ್ದರೆ ಈ ತೊಂದರೆ ಬಹಳ ಮಟ್ಟಿಗೆ ಇಲ್ಲವಾಗುತ್ತದೆ. ಹತ್ತು ಮೀಟರಿಗೂ ಉದ್ದವಾದ ಬಸ್ಸಿನ ಕೊನೆಯಲ್ಲಿ 100 ಓಮ್, 2 ವ್ಯಾಟ್ ರೆಸಿಸ್ಟರ್ ಹಾಗೂ 0.1 ಮೈಕ್ರೋಫ್ಯಾರಡ್ ಕೆಪಾಸಿಟರನ್ನು ಒಂದರ ಹಿಂದೊಂದು ಸೇರಿಸಿ ಎರಡು ತಂತಿಗಳ ನಡುವೆ ಕಟ್ಟುವ ರೂಢಿಯೂ ಇದೆ. ಇದಕ್ಕೆ ಸ್ನಬರ್ ಎನ್ನುತ್ತಾರೆ.

ಫೀಡರ್ ಮತ್ತು ಬೆಸುಗೆ

ಹಳಿಯ ಪ್ರತಿ ತುಂಡಿಗೂ ಒಂದು ಜೋಡಿ ಫೀಡರ್ ಇರಬೇಕೆಂಬುದು ಅನುಸರಿಸಲು ಯೋಗ್ಯವಾದ ನಿಯಮ. ಅದು ಸಾಧ್ಯವಾಗದಿದ್ದರೆ ಒಂದರಿಂದ ಎರಡು ಮೀಟರಿಗೆ ಒಂದು ಜೋಡಿಯಾದರೂ ಇರುವಂತೆ ನೋಡಿಕೊಳ್ಳಬೇಕು. ಫೀಡರ್ ಗಿಡ್ಡವಾಗಿದ್ದಷ್ಟೂ ತೆಳುವಾಗಿರಬಹುದು: 30 ಸೆಂಟಿಮೀಟರ್ ಉದ್ದದ 0.5 ಚದರ ಮಿಲಿಮೀಟರ್ ಫೀಡರ್ ಜೋಡಿಯ ರೋಧ ಓಮಿನ ನಲವತ್ತನೇ ಒಂದು ಭಾಗಕ್ಕೂ ಕಡಿಮೆಯಾದ್ದರಿಂದ, 5 ಆಂಪಿಯರ್ ಹರಿದರೂ ನಷ್ಟ 0.12 ವೋಲ್ಟನ್ನು ಮೀರುವುದಿಲ್ಲ. ತೆಳು ತಂತಿಯನ್ನೇ ಒಂದೆರಡು ಮೀಟರ್ ಎಳೆದೊಯ್ದರೆ ದಪ್ಪ ಬಸ್ಸಿನಿಂದ ದೊರೆತ ಲಾಭ ಅಲ್ಲಿಯೇ ಸೋರಿಹೋಗುತ್ತದೆ.

ಫೀಡರನ್ನು ಹಳಿಗೆ ಕೂಡಿಸಲು ಬೆಸುಗೆಗೆ ಸಮನಾದ ದಾರಿಯಿಲ್ಲ. ಹಳಿಯ ಹೊರಮಗ್ಗುಲಿನ ನಡುಭಾಗವನ್ನು ಲೋಹದ ಹೊಳಪು ಕಾಣುವವರೆಗೆ ನಯವಾದ ಮರಳು ಕಾಗದದಿಂದ ಉಜ್ಜಿ, ಆ ಜಾಗಕ್ಕೂ ತಂತಿಯ ತುದಿಗೂ ಮೊದಲೇ ತೆಳುವಾಗಿ ಸೀಸ ಹಿಡಿಸಿಕೊಳ್ಳಬೇಕು. ತಂತಿಯ ತುದಿಯನ್ನು ಮಿಲಿಮೀಟರ್ ಎರಡರಷ್ಟು ಮಡಚಿ ಅದೇ ಜಾಗಕ್ಕೆ ಒತ್ತಿ ಹಿಡಿದು, ಚೆನ್ನಾಗಿ ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಎರಡು ಮೂರು ಸೆಕೆಂಡ್ ತಾಗಿಸಿದರೆ ಎರಡೂ ಕಡೆಯ ಸೀಸ ಕರಗಿ ಒಂದಾಗುತ್ತದೆ. ಐರನ್ ತೆಗೆದ ಮೇಲೆ ಸೀಸದ ಹೊಳಪು ಕುಂದಿ ಗಟ್ಟಿಯಾಗುವವರೆಗೆ ತಂತಿ ಅಲುಗಬಾರದು. ಕಡಿಮೆ ಶಾಖದ ಐರನ್ನನ್ನು ಬಹಳ ಹೊತ್ತು ಒತ್ತಿ ಹಿಡಿಯುವುದರಿಂದಲೇ ಪ್ಲಾಸ್ಟಿಕ್ ಸ್ಲೀಪರುಗಳು ಕರಗುವುದು. ಬೇಗ ತಾಗಿಸಿ ಬೇಗ ತೆಗೆಯುವ ಕೆಲಸಕ್ಕೆ 40ರಿಂದ 60 ವ್ಯಾಟ್ ಐರನ್ ಹೆಚ್ಚು ಸೂಕ್ತ. ಜಾಗದ ಎರಡೂ ಬದಿಗೆ ಒದ್ದೆ ಬಟ್ಟೆಯ ಚೂರನ್ನು ಹಳಿಗೆ ಅಂಟಿಸಿಟ್ಟರೆ ಶಾಖ ಮುಂದಕ್ಕೆ ಹರಡುವುದಿಲ್ಲ. ಬೆಸುಗೆಗೆ ರಾಳಯುಕ್ತ ಸೀಸದ ತಂತಿಯನ್ನೇ ಬಳಸಬೇಕು. ಆಮ್ಲಯುಕ್ತ ಫ್ಲಕ್ಸ್ ಜೋಡಣೆಯನ್ನು ಕಾಲಕ್ರಮದಲ್ಲಿ ತಿಂದುಹಾಕುತ್ತದೆ. ಮೇಜಿನ ಅಡಿಯಲ್ಲಿ ಫೀಡರನ್ನು ಬಸ್ಸಿಗೆ ಸೇರಿಸುವಾಗ ಬೆಸುಗೆಯ ಬದಲು ಸ್ಕ್ರೂ ಇರುವ ಟರ್ಮಿನಲ್ ಪಟ್ಟಿಯನ್ನೋ ಸನ್ನೆಯಿಂದ ಬಿಗಿಯುವ ಕನೆಕ್ಟರನ್ನೋ ಬಳಸಿದರೆ, ದೋಷ ಹುಡುಕುವಾಗ ಒಂದೊಂದೇ ತಂತಿಯನ್ನು ಬಿಚ್ಚಿ ನೋಡಲು ಸುಲಭವಾಗುತ್ತದೆ.

ಹತ್ತಾರು ಫೀಡರುಗಳಲ್ಲಿ ಒಂದು ಜೋಡಿ ಅದಲುಬದಲಾದರೂ ಇಡೀ ಮಾರ್ಗ ಶಾರ್ಟ್ ಆಗುತ್ತದೆ, ಮತ್ತು ಎಲ್ಲವನ್ನೂ ಜೋಡಿಸಿದ ಮೇಲೆ ತಪ್ಪಿದ ಜೋಡಿಯನ್ನು ಹುಡುಕುವುದು ತ್ರಾಸದಾಯಕ. ಇದನ್ನು ತಪ್ಪಿಸಲು ಬೂಸ್ಟರನ್ನು ಬೇರ್ಪಡಿಸಿ, ಹಳಿಯ ಮೇಲಿನ ಎಂಜಿನ್, ಬೋಗಿಗಳನ್ನೆಲ್ಲ ತೆಗೆದು, ಮಲ್ಟಿಮೀಟರನ್ನು ಸದ್ದು ಮಾಡುವ ಕಂಟಿನ್ಯೂಟಿ ಸ್ಥಾನಕ್ಕೆ ತಿರುಗಿಸಿ ಅದರ ಎರಡು ಮೊನೆಗಳನ್ನು ಬಸ್ಸಿನ ಎರಡು ತಂತಿಗಳಿಗೆ ಕಚ್ಚಿಸಿಟ್ಟುಕೊಂಡೇ ಕೆಲಸ ಮಾಡಬೇಕು. ಯಾವ ಫೀಡರ್ ತಾಗಿದ ಕ್ಷಣ ಮೀಟರ್ ಸದ್ದು ಮಾಡುತ್ತದೋ ತಪ್ಪು ಅಲ್ಲಿಯೇ ಇದೆ.

ಪಾಯಿಂಟ್ ಮತ್ತು ಫ್ರಾಗ್

ಒಂದು ದಾರಿ ಎರಡಾಗಿ ಕವಲೊಡೆಯುವ ಪಾಯಿಂಟಿನಲ್ಲಿ ವಿರುದ್ಧ ಧ್ರುವತೆಯ ಎರಡು ಹಳಿಗಳು ಒಂದನ್ನೊಂದು ದಾಟಬೇಕಾದ ಬಿಂದುವಿಗೆ ಫ್ರಾಗ್ ಎಂದು ಹೆಸರು. ಫ್ರಾಗ್ ಪ್ಲಾಸ್ಟಿಕ್ಕಿನದಾಗಿದ್ದರೆ ಯಾವ ತಂತಿಯ ಗೋಜೂ ಇಲ್ಲ, ಆದರೆ ಕೆಲವೇ ಚಕ್ರಗಳಿಂದ ವಿದ್ಯುತ್ ಪಡೆಯುವ ಗಿಡ್ಡ ಎಂಜಿನ್ ಆ ನಿರ್ಜೀವ ಜಾಗದಲ್ಲಿ ನಿಂತುಬಿಡುತ್ತದೆ. ಡಿಸಿಸಿಯಲ್ಲಿ ಧ್ವನಿಯಿರುವ ಎಂಜಿನ್ ಆಗಿದ್ದರೆ ಸದ್ದೂ ಕಡಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ. ಫ್ರಾಗ್ ಲೋಹದ್ದಾಗಿದ್ದರೆ ಎಂಜಿನ್ ಸರಾಗವಾಗಿ ದಾಟುತ್ತದೆ, ಆದರೆ ಪಾಯಿಂಟ್ ಯಾವ ಕಡೆಗೆ ತಿರುಗಿದೆಯೋ ಅದಕ್ಕೆ ತಕ್ಕಂತೆ ಫ್ರಾಗಿನ ಧ್ರುವತೆಯನ್ನು ಬದಲಿಸುವ ವ್ಯವಸ್ಥೆ ಬೇಕು. ಚಲಿಸುವ ನಾಲಿಗೆ-ಹಳಿ ಪಕ್ಕದ ಹಳಿಗೆ ತಾಗುವ ಸ್ಪರ್ಶವೊಂದನ್ನೇ ಇದಕ್ಕೆ ನೆಚ್ಚಿಕೊಂಡರೆ ಧೂಳು, ಬಣ್ಣ, ಕಿಲುಬುಗಳಿಂದ ಅದು ಕೈಕೊಡುತ್ತದೆ. ಪಾಯಿಂಟ್ ಮೋಟಾರಿನಲ್ಲಿರುವ ಹೆಚ್ಚುವರಿ ಸ್ವಿಚ್ಚಿನ ಎರಡು ತುದಿಗಳನ್ನು ಬಸ್ಸಿನ ಎರಡು ತಂತಿಗಳಿಗೂ, ನಡುವಿನ ತುದಿಯನ್ನು ಫ್ರಾಗಿಗೂ ಕೂಡಿಸಿ, ಫ್ರಾಗಿನಿಂದ ಹೊರಡುವ ಎರಡು ಒಳಹಳಿಗಳಿಗೆ ಪ್ಲಾಸ್ಟಿಕ್ ಜಾಯಿನರ್ ಹಾಕುವುದು ನಂಬಲರ್ಹವಾದ ಕ್ರಮ.

ಹಳೆಯ ಮಾದರಿಯ ಕೆಲವು ಪಾಯಿಂಟುಗಳಲ್ಲಿ ಎರಡು ನಾಲಿಗೆ-ಹಳಿಗಳೂ ಫ್ರಾಗಿಗೆ ಕೂಡಿಕೊಂಡಿರುತ್ತವೆ. ಆಗ ತೆರೆದ ಕಡೆಯ ನಾಲಿಗೆಗೂ ಅದರ ಪಕ್ಕದ ಹಳಿಗೂ ಧ್ರುವತೆ ವಿರುದ್ಧವಾಗಿದ್ದು, ಹಾದುಹೋಗುವ ಚಕ್ರದ ಹಿಂಬದಿ ನಾಲಿಗೆಗೆ ಸವರಿದರೆ ಕ್ಷಣಮಾತ್ರದ ಶಾರ್ಟ್ ಉಂಟಾಗುತ್ತದೆ. ನೇರ ವಿದ್ಯುತ್ತಿನಲ್ಲಿ ಅದು ಗಮನಕ್ಕೇ ಬರುವುದಿಲ್ಲ. ಡಿಸಿಸಿ ಬೂಸ್ಟರ್ ಮಾತ್ರ ಅತ್ಯಲ್ಪ ಕಾಲದಲ್ಲೇ ಅದನ್ನು ಗುರುತಿಸಿ ವಿದ್ಯುತ್ತನ್ನು ಕಡಿದುಹಾಕುವುದರಿಂದ ಮಾರ್ಗದ ಎಲ್ಲ ರೈಲುಗಳೂ ಒಮ್ಮೆಲೇ ನಿಲ್ಲುತ್ತವೆ. ನಾಲಿಗೆಗಳನ್ನು ಫ್ರಾಗಿನಿಂದ ಬೇರ್ಪಡಿಸಿ, ಪ್ರತಿ ನಾಲಿಗೆಯನ್ನೂ ತನ್ನ ಪಕ್ಕದ ಹಳಿಗೆ ಗಿಡ್ಡ ತಂತಿಯಿಂದ ಶಾಶ್ವತವಾಗಿ ಬೆಸೆದರೆ ಈ ದೋಷ ಬುಡಸಮೇತ ನಿವಾರಣೆಯಾಗುತ್ತದೆ. ಹಳಿಯನ್ನು ಮೇಜಿಗೆ ಅಂಟಿಸುವ ಮೊದಲೇ ಮಾಡಬೇಕಾದ ಕೆಲಸವಿದು.

ಮರಳಿ ಬರುವ ದಾರಿ

ರೈಲು ಒಂದು ಸುತ್ತು ಬಳಸಿ, ಹೊರಟ ಹಳಿಗೇ ಎದುರು ದಿಕ್ಕಿನಲ್ಲಿ ಮರಳುವ ರಚನೆಗೆ ರಿವರ್ಸ್ ಲೂಪ್ ಎನ್ನುತ್ತಾರೆ. ಎಂಜಿನ್ ತಿರುಗಿಸುವ ವೃತ್ತಾಕಾರದ ಟರ್ನ್‌ಟೇಬಲ್ ಮತ್ತು ಮೂರು ಕವಲಿನ ತ್ರಿಕೋನ ಹಳಿಯಲ್ಲೂ ಇದೇ ಸಮಸ್ಯೆ ಇದೆ: ಎಡಹಳಿ ಸುತ್ತಿ ಬಂದು ಬಲಹಳಿಯನ್ನು ಸೇರುವುದರಿಂದ ಅಲ್ಲಿ ಶಾರ್ಟ್ ತಪ್ಪಿದ್ದಲ್ಲ. ಲೂಪಿನ ಒಂದು ಭಾಗವನ್ನು ಎರಡೂ ತುದಿಗಳಲ್ಲಿ, ಎರಡೂ ಹಳಿಗಳನ್ನು ಕತ್ತರಿಸಿ ಪೂರ್ತಿ ಬೇರ್ಪಡಿಸಿ, ಆ ಭಾಗಕ್ಕೆ ಆಟೊ ರಿವರ್ಸರ್ ಎಂಬ ಉಪಕರಣದ ಮೂಲಕ ವಿದ್ಯುತ್ ಕೊಡುವುದು ಇದಕ್ಕೆ ಪರಿಹಾರ. ಎಂಜಿನ್ನಿನ ಚಕ್ರ ಕತ್ತರಿಸಿದ ಅಂತರವನ್ನು ದಾಟುವಾಗ ಧ್ರುವತೆ ಹೊಂದದಿದ್ದರೆ, ಬೂಸ್ಟರ್ ಎಚ್ಚೆತ್ತುಕೊಳ್ಳುವ ಮೊದಲೇ ಈ ಉಪಕರಣ ಲೂಪಿನ ಧ್ರುವತೆಯನ್ನು ತಿರುಗಿಸುತ್ತದೆ. ಡಿಸಿಸಿಯಲ್ಲಿ ಎಂಜಿನ್ನಿನ ದಿಕ್ಕು ಆದೇಶದಿಂದ ನಿರ್ಧಾರವಾಗುವುದೇ ಹೊರತು ಹಳಿಯ ಧ್ರುವತೆಯಿಂದಲ್ಲವಾದ್ದರಿಂದ ರೈಲು ತಡವರಿಸದೆ ಮುಂದೆ ಸಾಗುತ್ತದೆ.

ಇದಕ್ಕೆ ಎರಡು ನಿಬಂಧನೆಗಳಿವೆ. ಬೇರ್ಪಡಿಸಿದ ಭಾಗ ಅತಿ ಉದ್ದದ ರೈಲಿಗಿಂತ ಉದ್ದವಾಗಿರಬೇಕು. ಲೋಹದ ಚಕ್ರಗಳು ಎರಡು ತುದಿಯ ಅಂತರಗಳನ್ನೂ ಏಕಕಾಲಕ್ಕೆ ದಾಟಿದರೆ ಯಾವ ಕಡೆಗೆ ತಿರುಗಿಸಿದರೂ ಒಂದು ತುದಿಯಲ್ಲಿ ಶಾರ್ಟ್ ಉಳಿಯುತ್ತದೆ. ರಿವರ್ಸರಿನ ಪ್ರವಾಹ ಮಿತಿಯನ್ನು ಬೂಸ್ಟರಿನ ಮಿತಿಗಿಂತ ಕೆಳಗೆ ಹೊಂದಿಸಿರಬೇಕು. ಇಲ್ಲವಾದರೆ ಬೂಸ್ಟರೇ ಮೊದಲು ಕಡಿತಗೊಳ್ಳುತ್ತದೆ.

ವಿಭಾಗಗಳು ಮತ್ತು ಪ್ರತ್ಯೇಕ ಜಾಲಗಳು

ಇಡೀ ಮಾರ್ಗ ಒಂದೇ ಬೂಸ್ಟರಿನ ಒಂದೇ ಜಾಲದಲ್ಲಿದ್ದರೆ ಒಂದು ಮೂಲೆಯಲ್ಲಿ ಬೋಗಿಯೊಂದು ಹಳಿ ತಪ್ಪಿದರೂ ಎಲ್ಲ ರೈಲುಗಳೂ ನಿಲ್ಲುತ್ತವೆ. ಬಸ್ಸನ್ನು ನಿಲ್ದಾಣ, ಯಾರ್ಡ್, ಮುಖ್ಯಮಾರ್ಗ ಎಂದು ವಿಭಾಗಿಸಿ, ಪ್ರತಿ ವಿಭಾಗಕ್ಕೂ ಎಲೆಕ್ಟ್ರಾನಿಕ್ ಸರ್ಕ್ಯೂಟ್ ಬ್ರೇಕರ್ ಇಟ್ಟರೆ ದೋಷ ತನ್ನ ವಿಭಾಗದೊಳಗೇ ಉಳಿಯುತ್ತದೆ. ಒಟ್ಟು ಹೊರೆ ಒಂದು ಬೂಸ್ಟರಿನ ಸಾಮರ್ಥ್ಯವನ್ನು ಮೀರಿದಾಗ ಮಾತ್ರ ಇನ್ನೊಂದು ಬೂಸ್ಟರ್ ಬೇಕು. ಅಂಥಲ್ಲಿ ಎರಡು ಬೂಸ್ಟರುಗಳ ವಿಭಾಗಗಳು ಸೇರುವೆಡೆ ಧ್ರುವತೆ ಒಂದೇ ಆಗಿರುವುದನ್ನು ಖಚಿತಪಡಿಸಿಕೊಳ್ಳಬೇಕು: ಅಂತರದ ಎರಡೂ ಬದಿಯ ಒಂದೇ ಸಾಲಿನ ಹಳಿಗಳಿಗೆ ಮಲ್ಟಿಮೀಟರ್ ತಾಗಿಸಿದಾಗ ಓದು ಸೊನ್ನೆಯ ಸಮೀಪವಿದ್ದರೆ ಸರಿ, ದೊಡ್ಡ ವೋಲ್ಟೇಜ್ ತೋರಿದರೆ ಒಂದು ಬೂಸ್ಟರಿನ ತಂತಿಗಳನ್ನು ಅದಲುಬದಲು ಮಾಡಬೇಕು. ಬೂಸ್ಟರುಗಳ ನಡುವಿನ ಸಾಮಾನ್ಯ ಸಂಪರ್ಕ ತಂತಿಯ ವಿಷಯದಲ್ಲಿ ತಯಾರಕರ ಕೈಪಿಡಿ ಹೇಳಿದಂತೆಯೇ ನಡೆಯಬೇಕು.

ಪಾಯಿಂಟ್ ಮೋಟಾರುಗಳಿಗೆ ಹಳಿಯ ಬಸ್ಸಿನಿಂದ ಬೇರೆಯಾದ ಜಾಲವಿರುವುದು ಹಿತಕರ. ತಪ್ಪಾಗಿ ತಿರುಗಿದ ಪಾಯಿಂಟಿನ ಮೇಲೆ ಎಂಜಿನ್ ಏರಿ ಶಾರ್ಟ್ ಆದಾಗ ಪಾಯಿಂಟನ್ನು ಸರಿಪಡಿಸುವ ಆದೇಶವೂ ಅದೇ ಸತ್ತ ಹಳಿಯಿಂದ ಬರಬೇಕಾಗಿದ್ದರೆ, ಎಂಜಿನ್ನನ್ನು ಕೈಯಿಂದ ಎತ್ತುವುದರ ಹೊರತು ಬೇರೆ ದಾರಿ ಇರುವುದಿಲ್ಲ. ಡಿಕೋಡರಿನ ಸಂಖ್ಯೆಯನ್ನೂ ಗುಣಗಳನ್ನೂ ಹೊಂದಿಸಲು ಬಳಸುವ ಪ್ರೋಗ್ರಾಮಿಂಗ್ ಹಳಿಯೂ ಮುಖ್ಯಮಾರ್ಗದಿಂದ ಎರಡೂ ಹಳಿಗಳಲ್ಲಿ ಬೇರ್ಪಟ್ಟಿರಬೇಕು. ಅಲ್ಲಿ ಅಲ್ಪ ಪ್ರವಾಹವಷ್ಟೇ ಹರಿಯುವುದರಿಂದ ಡಿಕೋಡರಿನ ಜೋಡಣೆ ತಪ್ಪಾಗಿದ್ದರೂ ಅದು ಸುಟ್ಟುಹೋಗದೆ ಉಳಿಯುವ ಸಂಭವ ಹೆಚ್ಚು. ಹಳೆಯ ನೇರ ವಿದ್ಯುತ್ ಸೆಟ್ಟಿನ ಹಳಿಗಳನ್ನು ಡಿಸಿಸಿಗೆ ಬಳಸುವವರು ವಿದ್ಯುತ್ ಸೇರಿಸುವ ತುಂಡನ್ನು ಪರಿಶೀಲಿಸಬೇಕು. ಕೆಲವದರಲ್ಲಿ ರೇಡಿಯೊ ಅಡಚಣೆ ತಡೆಯಲೆಂದು ಇಟ್ಟಿರುವ ಸಣ್ಣ ಕೆಪಾಸಿಟರ್ ಡಿಜಿಟಲ್ ಸಂಕೇತವನ್ನು ಕೆಡಿಸುತ್ತದೆ. ಹಳೆಯ ನಿಯಂತ್ರಕ ಮತ್ತು ಡಿಸಿಸಿ ಬೂಸ್ಟರ್ ಒಂದೇ ಹಳಿಗೆ ಎಂದೂ ಒಟ್ಟಿಗೆ ಸೇರಕೂಡದು.

ನಾಣ್ಯದ ಪರೀಕ್ಷೆ

ಜೋಡಣೆ ಮುಗಿದ ಮೇಲೆ ಮಾಡಲೇಬೇಕಾದ ಪರೀಕ್ಷೆ ನಾಣ್ಯದ್ದು. ಹೆಚ್‌ಒ ಎಂದು ಕರೆಯುವ, ನಿಜರೈಲಿನ 87ನೇ ಒಂದು ಭಾಗದಷ್ಟಿರುವ ಮಾದರಿಯಲ್ಲಿ ಹಳಿಗಳ ಅಂತರ 16.5 ಮಿಲಿಮೀಟರ್, ಎರಡು ಹಳಿಗಳ ಮೇಲೂ ಕೂರುವಷ್ಟು ಅಗಲದ ನಾಣ್ಯವನ್ನು ಮಾರ್ಗದ ಪ್ರತಿ ತುಂಡಿನಲ್ಲೂ, ವಿಶೇಷವಾಗಿ ಬೂಸ್ಟರಿನಿಂದ ದೂರದ ತುದಿಗಳಲ್ಲಿ ಇಟ್ಟು ನೋಡಬೇಕು. ಇಟ್ಟ ತಕ್ಷಣ ಬೂಸ್ಟರ್ ಅಥವಾ ಆ ವಿಭಾಗದ ಬ್ರೇಕರ್ ಕಡಿತಗೊಳ್ಳಬೇಕು, ತೆಗೆದ ಮೇಲೆ ಮತ್ತೆ ಚಾಲೂ ಆಗಬೇಕು. ಕಡಿತಗೊಳ್ಳದಿದ್ದರೆ ನಾಣ್ಯವನ್ನು ಒಡನೆಯೇ ತೆಗೆಯಬೇಕು.

ಈ ಪರೀಕ್ಷೆಯ ಹಿಂದಿನ ಲೆಕ್ಕ ಹೀಗಿದೆ. ಹಳಿಯ ಮೇಲೆ 14 ವೋಲ್ಟ್ ಇದ್ದು ಬೂಸ್ಟರ್ 5 ಆಂಪಿಯರಿಗೆ ಕಡಿತಗೊಳ್ಳುವುದಾದರೆ, ಶಾರ್ಟ್ ಆದ ಜಾಗದವರೆಗಿನ ಒಟ್ಟು ರೋಧ 2.8 ಓಮಿಗಿಂತ ಕಡಿಮೆಯಿದ್ದಾಗ ಮಾತ್ರ ಆ ಮಿತಿ ಮುಟ್ಟುತ್ತದೆ. ತೆಳು ತಂತಿ, ಸಡಿಲ ಜಾಯಿನರ್, ಕೆಟ್ಟ ಬೆಸುಗೆಗಳು ಸೇರಿ ರೋಧ 3.5 ಓಮಿಗೆ ಏರಿದರೆ ಹರಿಯುವುದು 4 ಆಂಪಿಯರ್ ಮಾತ್ರ. ಬೂಸ್ಟರ್ ಅದನ್ನು ಹಲವು ರೈಲುಗಳು ಓಡುತ್ತಿರುವ ಸಹಜ ಹೊರೆಯೆಂದೇ ಭಾವಿಸಿ 56 ವ್ಯಾಟ್ ಶಕ್ತಿಯನ್ನು ಕೊಡುತ್ತಲೇ ಇರುತ್ತದೆ. ಆ ಶಾಖ ದುರ್ಬಲ ಜೋಡಣೆಗಳಲ್ಲೂ ಹಳಿ ತಪ್ಪಿದ ಎಂಜಿನ್ನಿನ ಚಕ್ರದಲ್ಲೂ ಹೊಮ್ಮಿ, ಸ್ಲೀಪರ್ ಕರಗುವುದು, ಬೋಗಿಯ ಚೌಕಟ್ಟು ವಿಕಾರವಾಗುವುದು, ಡಿಕೋಡರ್ ಸುಡುವುದು ಎಲ್ಲವೂ ಘಟಿಸುತ್ತವೆ. ಎಂಜಿನ್ ಚೆನ್ನಾಗಿ ಓಡುತ್ತಿದೆ ಎಂಬುದು ತಂತಿ ಸರಿಯಿದೆ ಎಂಬುದಕ್ಕೆ ಸಾಕ್ಷಿಯಲ್ಲ; ಹೆಚ್‌ಒ ಎಂಜಿನ್ನಿಗೆ ಸಾಮಾನ್ಯವಾಗಿ ಒಂದು ಆಂಪಿಯರಿಗಿಂತ ಕಡಿಮೆ ಪ್ರವಾಹ ಸಾಕಾಗುವುದರಿಂದ ದುರ್ಬಲ ತಂತಿಯೂ ಅದನ್ನು ಓಡಿಸಬಲ್ಲದು.

ಎರಡನೆಯ ಪರೀಕ್ಷೆಗೆ ಕಾರಿನ 12 ವೋಲ್ಟ್, 21 ವ್ಯಾಟ್ ಬಲ್ಬು ಸಾಕು. ಅದನ್ನು ಮೊದಲು ಬೂಸ್ಟರಿನ ಬಳಿ, ಆಮೇಲೆ ದೂರದ ತುದಿಯಲ್ಲಿ ಹಳಿಗೆ ತಾಗಿಸಿ ಎರಡೂ ಕಡೆ ಹಳಿಯ ವೋಲ್ಟೇಜನ್ನು ಅಳೆದರೆ, ಸುಮಾರು ಎರಡು ಆಂಪಿಯರ್ ಹೊರೆಯಲ್ಲಿ ಆಗುವ ನಷ್ಟ ತಿಳಿಯುತ್ತದೆ. ಅದು ಒಂದು ವೋಲ್ಟಿಗಿಂತ ಹೆಚ್ಚಿದ್ದರೆ ಆ ಭಾಗದ ಫೀಡರುಗಳನ್ನು ಹೆಚ್ಚಿಸಬೇಕು, ಜೋಡಣೆಗಳನ್ನು ಮತ್ತೆ ನೋಡಬೇಕು. ಮನೆಯ ವಿದ್ಯುತ್ತಿನ 50 ಹರ್ಟ್ಸಿಗೆಂದು ಮಾಡಿದ ಸಾಮಾನ್ಯ ಮಲ್ಟಿಮೀಟರ್ ಡಿಸಿಸಿಯ ವೇಗದ ಚೌಕ ತರಂಗವನ್ನು ಕರಾರುವಾಕ್ಕಾಗಿ ಓದದಿದ್ದರೂ, ಒಂದೇ ಮೀಟರಿನ ಎರಡು ಓದುಗಳನ್ನು ಹೋಲಿಸಲು ಅಡ್ಡಿಯಿಲ್ಲ.

ಸುರಕ್ಷೆ ಮತ್ತು ದಾಖಲೆ

ಮೇಜಿನ ಅಡಿಯಲ್ಲಿ 230 ವೋಲ್ಟಿನ ತಂತಿಯನ್ನು ಎಲ್ಲಿಯೂ ಒಯ್ಯಬಾರದು. ಮಾನ್ಯತೆ ಪಡೆದ ಅಡಾಪ್ಟರ್ ಗೋಡೆಯ ಬಳಿಯೇ ಉಳಿದು, ಅಲ್ಲಿಂದ ಮುಂದಕ್ಕೆ ಕಡಿಮೆ ವೋಲ್ಟೇಜ್ ಮಾತ್ರ ಸಾಗಬೇಕು. ಎಲ್ಲ ಉಪಕರಣಗಳೂ ಒಂದೇ ಮುಖ್ಯ ಸ್ವಿಚ್ಚಿನಿಂದ ಆರುವಂತಿರಬೇಕು. ಹಳಿಯ ಬಸ್ಸಿಗೆ ಒಂದು ಜೋಡಿ ಬಣ್ಣ, ಪಾಯಿಂಟ್ ಮೋಟಾರುಗಳಿಗೆ ಇನ್ನೊಂದು, ಫ್ರಾಗಿಗೆ ಮತ್ತೊಂದು ಎಂದು ಮೊದಲೇ ನಿಶ್ಚಯಿಸಿ, ಬಣ್ಣದ ತಂತಿ ಮುಗಿಯಿತೆಂದು ನಡುವೆ ಬೇರೆ ಬಣ್ಣವನ್ನು ಸೇರಿಸದೆ, ಪ್ರತಿ ತಂತಿಯ ಎರಡೂ ತುದಿಗೆ ಸಂಖ್ಯೆಯ ಚೀಟಿ ಅಂಟಿಸಿ, ಅದೇ ಸಂಖ್ಯೆಗಳನ್ನು ಮಾರ್ಗದ ನಕ್ಷೆಯ ಮೇಲೂ ಬರೆದಿಡಬೇಕು.

ಮಾದರಿ ರೈಲುಮಾರ್ಗ ಒಮ್ಮೆಗೇ ಪೂರ್ತಿಯಾಗುವುದಲ್ಲ, ವರ್ಷವರ್ಷವೂ ಬೆಳೆಯುವಂಥದು. ಹಳಿಯನ್ನು ಜಲ್ಲಿಯಿಂದ ಮುಚ್ಚಿ, ಗುಡ್ಡಗಳನ್ನೂ ಮನೆಗಳನ್ನೂ ಎಬ್ಬಿಸಿದ ಮೇಲೆ ತಂತಿಯ ದೋಷವನ್ನು ತಿದ್ದುವುದೆಂದರೆ ಕಟ್ಟಿದ್ದನ್ನು ಕೆಡವುವುದೆಂದೇ ಅರ್ಥ. ಒಂದು ಭಾಗದ ಹಳಿ ಹಾಸಿ, ಫೀಡರ್ ಬೆಸೆದು, ನಾಣ್ಯದಿಂದಲೂ ಬಲ್ಬಿನಿಂದಲೂ ಪರೀಕ್ಷಿಸಿ, ಕೆಲವು ವಾರ ರೈಲು ಓಡಿಸಿ ನೋಡಿ, ಆಮೇಲಷ್ಟೇ ದೃಶ್ಯರಚನೆಗೂ ಮುಂದಿನ ಭಾಗಕ್ಕೂ ಕೈಹಾಕುವವರಿಗೆ ಡಿಸಿಸಿ ಕೊಟ್ಟ ಭರವಸೆ ಪೂರ್ತಿಯಾಗಿ ದಕ್ಕುತ್ತದೆ: ಸ್ವಿಚ್ಚುಗಳ ಚಿಂತೆಯಿಲ್ಲದೆ, ಒಂದೇ ಹಳಿಯ ಮೇಲೆ ಹಲವು ರೈಲುಗಳನ್ನು ನಿಜರೈಲಿನ ಚಾಲಕರಂತೆ ನಡೆಸುವ ಸ್ವಾತಂತ್ರ್ಯ.